ಪರಿಸರದ ಬಗ್ಗೆ ಎಲ್ಲ ಗೊತ್ತು, ಆದ್ರೆ ಹತ್ತಿರ ಅನ್ನಿಸಲ್ಲ: ಪರಿಸರ ಶಿಕ್ಷಣದ ಸಂಶೋಧನೆ ಏನು ಹೇಳುತ್ತೆ, ನಾವು ಏನು ಮಾಡೋಣ?

ಹಸಿರೆಲೆ

ಗೆಳೆಯರೇ, ನಾವು ಕೆಲವರು ಸೇರಿ ರಜೆಯ ದಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಗಿಡಮರ, ಹುಳಹುಪ್ಪಟೆ, ಹಕ್ಕಿ ತೋರಿಸುತ್ತೇವೆ. ಈಗ ನಮ್ಮೊಳಗೇ ಒಂದು ವಾದ ಶುರುವಾಗಿದೆ. ಅರ್ಧ ಜನ ಹೇಳೋದು, ಮಕ್ಕಳಿಗೆ ಮಾಹಿತಿ ಚೆನ್ನಾಗಿ ಕೊಡಬೇಕು, ಹೆಸರು ಕಲಿಸಬೇಕು, ಕೊನೆಗೆ ಒಂದು ಪ್ರಶ್ನೆಪತ್ರಿಕೆ ಕೊಡಬೇಕು ಅಂತ. ಉಳಿದವರು ಸುಮ್ನೆ ಬಿಡಿ, ಅವರೇ ನೋಡಲಿ, ಮುಟ್ಟಲಿ ಅಂತಾರೆ. ನಾನು ಎರಡನೇ ಕಡೆ.

ಯಾಕೆ ಅಂತ ಹೇಳ್ತೀನಿ. 1977ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಯುನೆಸ್ಕೊ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಒಂದು ದೊಡ್ಡ ಸಮ್ಮೇಳನ ನಡೆಸಿದವು. ಪರಿಸರ ಶಿಕ್ಷಣ ಅಂದ್ರೆ ಏನು ಅಂತ ಅಲ್ಲಿ ಐದು ಗುರಿ ಬರೆದರು: ಅರಿವು, ತಿಳುವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ಇಷ್ಟು ವರ್ಷ ಆದ ಮೇಲೂ ಬಹಳಷ್ಟು ಕಡೆ ಮೊದಲ ಎರಡರಲ್ಲೇ ಪಾಠ ಮುಗಿಯುತ್ತೆ. ತಿಳಿಸಿದರೆ ಮನಸ್ಸು ಬದಲಾಗುತ್ತೆ, ಮನಸ್ಸು ಬದಲಾದರೆ ನಡವಳಿಕೆ ಬದಲಾಗುತ್ತೆ ಅನ್ನೋ ನಂಬಿಕೆ ಇದರ ಹಿಂದೆ ಇದೆ. ಕೋಲ್ಮಸ್ ಮತ್ತು ಅಗ್ಯೇಮನ್ ಅನ್ನುವ ಇಬ್ಬರು 2002ರಲ್ಲಿ ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿ, ಈ ನೇರ ದಾರಿ ನಿಜದಲ್ಲಿ ಹಾಗೆ ಕೆಲಸ ಮಾಡಲ್ಲ ಅಂತ ತೋರಿಸಿದರು. ಗೊತ್ತಿರೋದಕ್ಕೂ ಮಾಡೋದಕ್ಕೂ ನಡುವೆ ಅಭ್ಯಾಸ, ಹಣ, ಸುತ್ತಲಿನ ಜನ, ಸೌಲಭ್ಯ, ಭಯ ಎಲ್ಲ ಅಡ್ಡ ನಿಂತಿರುತ್ತೆ.

2017ರಲ್ಲಿ ಇಂಗ್ಲೆಂಡಿನ ಡರ್ಬಿ ವಿಶ್ವವಿದ್ಯಾಲಯದ ಲಂಬರ್, ರಿಚರ್ಡ್‌ಸನ್ ಮತ್ತು ಶೆಫೀಲ್ಡ್ ಇನ್ನೊಂದು ಪ್ರಶ್ನೆ ಕೇಳಿದರು. ಯಾವ ತರಹದ ಚಟುವಟಿಕೆ ಮಾಡುವವರಿಗೆ ಪ್ರಕೃತಿ ತಮಗೆ ಹತ್ತಿರ ಅನ್ನಿಸುತ್ತೆ? ಐದು ದಾರಿ ಕಂಡವು: ಇಂದ್ರಿಯಗಳ ಮೂಲಕ ನೇರ ಸಂಪರ್ಕ, ಭಾವನೆ, ಅರ್ಥ, ಸೌಂದರ್ಯ, ಕರುಣೆ. ಬರೀ ಮಾಹಿತಿ ಕಲಿಯುವ ಚಟುವಟಿಕೆ ಆ ಪಟ್ಟಿಯಲ್ಲಿ ಬರಲಿಲ್ಲ. ಪ್ರಶ್ನೆಪತ್ರಿಕೆ ಬೇಡ ಅಂತ ನಾನು ಹೇಳೋದು ಇದಕ್ಕೇ. ನೀವೇನಂತೀರಿ?

ಮೇಷ್ಟ್ರು

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಹೆಸರು ಗೊತ್ತಿಲ್ಲದೆ ಇದ್ದರೆ ಕಣ್ಣಿಗೆ ಬೀಳೋದೇ ಇಲ್ಲ. ಮಕ್ಕಳಿಗೆ ನೆನಪಿನ ಶಕ್ತಿ ಕಡಿಮೆ ಅಂತೇನೂ ಅಲ್ಲ. 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಾಮ್‌ಫರ್ಡ್ ಮತ್ತು ಜೊತೆಗಾರರ ಒಂದು ಸಣ್ಣ ಬರಹ ಬಂದಿತ್ತು. ಬ್ರಿಟನ್ನಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡು ತರಹದ ಚಿತ್ರ ತೋರಿಸಿದರು, ಒಂದು ಅಲ್ಲಿನ ಸಾಮಾನ್ಯ ಜೀವಿಗಳದ್ದು, ಇನ್ನೊಂದು ಪೋಕೆಮಾನ್ ಅನ್ನೋ ಕಾರ್ಟೂನಿನ ಪಾತ್ರಗಳದ್ದು. ಎಂಟು ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ಸುಮಾರು ಶೇ. 80ರಷ್ಟನ್ನು ಗುರುತಿಸಿದರು. ನಿಜವಾದ ಜೀವಿಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ. ಅಂದರೆ ಮಕ್ಕಳಿಗೆ ನೂರಾರು ಹೆಸರು ಕಲಿಯುವ ಹಸಿವು ಇದೆ. ಆ ಹಸಿವಿಗೆ ನಾವು ಊಟ ಬಡಿಸ್ತಾ ಇಲ್ಲ, ಅಷ್ಟೇ.

ತರಗತಿಯಲ್ಲಿ ನಾನು ನೋಡಿರೋದು ಇದನ್ನೇ. ಒಂದು ಹಕ್ಕಿಯ ಹೆಸರು ಕಲಿತ ಹುಡುಗ ಮರುದಿನ ಬಂದು "ಸಾರ್, ಅದು ನಮ್ಮ ಮನೆ ಹಿಂದೇನೂ ಇದೆ" ಅಂತಾನೆ. ಅದು ಅಲ್ಲಿ ಮೊದಲೂ ಇತ್ತು. ಇವನಿಗೆ ಕಂಡಿದ್ದು ಈಗ. ಅದಕ್ಕೆ ಹೆಸರನ್ನು ಅಷ್ಟು ಸುಲಭವಾಗಿ ಪಕ್ಕಕ್ಕೆ ಇಡಬೇಡಿ.

ಹುಳದಹಿಂದೆ

ಮೇಷ್ಟ್ರೇ, ನೀವಿಬ್ಬರೂ ಹೇಳ್ತಿರೋದು ಒಂದಕ್ಕೊಂದು ವಿರುದ್ಧ ಅಂತ ನನಗೆ ಅನ್ನಿಸಲ್ಲ. ಯಾವುದು ಮೊದಲು ಅನ್ನೋದು ಮುಖ್ಯ. ಒಂದು ಉದಾಹರಣೆ ಹೇಳ್ತೀನಿ.

ನಿಂಬೆ ಗಿಡದ ಎಳೆ ಎಲೆ ನೋಡಿ. ಎಷ್ಟೋ ಎಲೆಗಳ ಮೇಲೆ ಬೆಳ್ಳಿ ಬಣ್ಣದ ಸೊಟ್ಟಪಟ್ಟ ಗೆರೆ ಇರುತ್ತೆ. ಮಗುವಿನ ಕೈಗೆ ಎಲೆ ಕೊಟ್ಟು, ಬೆಳಕಿಗೆ ಹಿಡಿದು ನೋಡು, ಈ ಗೆರೆ ಎಲ್ಲಿ ಶುರುವಾಗುತ್ತೆ ಹುಡುಕು ಅಂತ ಮಾತ್ರ ಹೇಳಿ. ಒಂದು ಕಡೆ ಗೆರೆ ದಾರದಷ್ಟು ಸಣ್ಣ. ಹೋಗ್ತಾ ಹೋಗ್ತಾ ಅಗಲ ಆಗುತ್ತೆ. ನಡುವೆ ಇನ್ನೊಂದು ಕಪ್ಪು ಗೆರೆ. ಯಾಕೆ ಅಗಲ ಆಯ್ತು ಅಂತ ಕೇಳಿ ಸುಮ್ಮನಿರಿ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಕಂಡುಹಿಡಿದೇ ಹಿಡೀತಾರೆ: ಒಳಗೆ ಏನೋ ತಿನ್ನುತ್ತಾ ಹೋಗಿದೆ, ತಿಂದಷ್ಟೂ ದಪ್ಪ ಆಗಿದೆ! ಕಪ್ಪು ಗೆರೆ ಅದರ ಹಿಕ್ಕೆ. ಗೆರೆ ಮುಗಿಯುವ ಕಡೆ ಎಲೆಯ ಅಂಚು ಮಡಚಿಕೊಂಡಿದ್ದರೆ ಹುಳ ಅಲ್ಲೇ ಕೋಶ ಆಗಿದೆ, ಅಲ್ಲಿಂದ ಪುಟ್ಟ ಪತಂಗ ಹೊರಗೆ ಬರುತ್ತೆ. ಒಂದು ಜೀವಿಯ ಪೂರ್ತಿ ಬಾಲ್ಯ ಒಂದೇ ಎಲೆಯ ಮೇಲೆ ಬರೆದಿರುತ್ತೆ.

ಇಷ್ಟಾದ ಮೇಲೆ ಮಕ್ಕಳೇ ಕೇಳ್ತಾರೆ, ಇದರ ಹೆಸರೇನು ಅಂತ. ಆಗ ರಂಗೋಲಿ ಹುಳು ಅಂತ ಹೇಳಿ. ಆ ಹೆಸರು ಮರೆಯಲ್ಲ. ಮೊದಲೇ ಹೆಸರು ಹೇಳಿ, ಇದು ಕೀಟ, ಬೆಳೆಗೆ ಹಾನಿ, ಬರ್ಕೊಳ್ಳಿ ಅಂದಿದ್ದರೆ ಎಲೆಯನ್ನು ಯಾರೂ ಬೆಳಕಿಗೆ ಹಿಡೀತಾ ಇರಲಿಲ್ಲ.

ಲೆಕ್ಕಪತ್ರ

ಸಂಖ್ಯಾಶಾಸ್ತ್ರದ ಕಡೆಯಿಂದ ಬಂದವನು ನಾನು. ಈ ವಿಷಯ ನನಗೂ ಇಷ್ಟ, ಅದಕ್ಕೇ ಸ್ವಲ್ಪ ಕಟುವಾಗಿ ಬರೀತೀನಿ, ಬೇಸರ ಮಾಡ್ಕೋಬೇಡಿ.

ಮೊದಲು ಈ "ಹತ್ತಿರ ಅನ್ನಿಸೋದು" ಅನ್ನುವುದನ್ನು ಹೇಗೆ ಅಳೀತಾರೆ ನೋಡಿ. 2002ರಲ್ಲಿ ಶುಲ್ಟ್ಸ್ ಒಂದು ಸರಳ ಅಳತೆ ಮಾಡಿದರು. ಏಳು ಚಿತ್ರ, ಪ್ರತಿಯೊಂದರಲ್ಲೂ ಎರಡು ವೃತ್ತ, ಒಂದರಲ್ಲಿ ನಾನು, ಇನ್ನೊಂದರಲ್ಲಿ ಪ್ರಕೃತಿ. ಮೊದಲ ಚಿತ್ರದಲ್ಲಿ ವೃತ್ತಗಳು ಬೇರೆ ಬೇರೆ, ಕೊನೆಯದರಲ್ಲಿ ಒಂದರ ಮೇಲೊಂದು ಕೂತಿವೆ. ನಿಮಗೆ ಯಾವುದು ಸರಿ ಅನ್ನಿಸುತ್ತೋ ಅದನ್ನು ಆರಿಸಬೇಕು. 2004ರಲ್ಲಿ ಮೇಯರ್ ಮತ್ತು ಫ್ರಾಂಟ್ಸ್ 14 ಹೇಳಿಕೆಗಳ ಪಟ್ಟಿ ಮಾಡಿದರು, 2009ರಲ್ಲಿ ನಿಸ್ಬೆಟ್ ಮತ್ತು ಜೊತೆಗಾರರು 21 ಹೇಳಿಕೆಗಳದ್ದು. ಎಲ್ಲವೂ ಜನ ತಮ್ಮ ಬಗ್ಗೆ ತಾವೇ ಹೇಳೋದು. ಪಕ್ಕದಲ್ಲಿ ಕಾರ್ಯಕ್ರಮ ನಡೆಸಿದ ಅಕ್ಕ ನಗುತ್ತಾ ನಿಂತಿದ್ದರೆ ಮಗು ಯಾವ ಚಿತ್ರಕ್ಕೆ ಗುರುತು ಹಾಕುತ್ತೆ ಅಂತ ಯೋಚನೆ ಮಾಡಿ.

ಎರಡನೇದು, ಯಾವಾಗ ಅಳೀತಾರೆ ಅನ್ನೋದು. ಲೀಫ್‌ಲೆಂಡರ್ ಮತ್ತು ಜೊತೆಗಾರರ 2013ರ ಜರ್ಮನಿಯ ಅಧ್ಯಯನ ನನಗೆ ಇಷ್ಟವಾಗಿದ್ದು ಇದಕ್ಕೇ. ನಾಲ್ಕು ದಿನದ ಕಾರ್ಯಕ್ರಮ, ವಿಷಯ ನೀರು. ಮುಗಿದ ಕೂಡಲೇ ಕೇಳಿದಾಗ ಎಲ್ಲರಿಗೂ ಪ್ರಕೃತಿ ಹತ್ತಿರವಾಗಿತ್ತು. ಕೆಲವು ವಾರ ಬಿಟ್ಟು ಕೇಳಿದರೆ, ನಾಲ್ಕನೇ ತರಗತಿಯ ಮಕ್ಕಳಲ್ಲಿ ಅದು ಉಳಿದಿತ್ತು, ಆರನೇ ತರಗತಿಯವರಲ್ಲಿ ಉಳಿದಿರಲಿಲ್ಲ. ಕೊನೆಯ ದಿನ ಮಾತ್ರ ಕೇಳಿ ಮನೆಗೆ ಹೋಗಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಮೂರನೇದು, ದೊಡ್ಡ ಅಂಕಿ ಕಂಡಾಗ ಹುಷಾರು. ಓಟೊ ಮತ್ತು ಪೆನ್ಸಿನಿ 2017ರಲ್ಲಿ ಬರ್ಲಿನ್ ಮಕ್ಕಳ ಮೇಲೆ ಮಾಡಿದ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳ್ತಾರೆ. ಮಕ್ಕಳ ಪರಿಸರಸ್ನೇಹಿ ನಡವಳಿಕೆಯಲ್ಲಿನ ವ್ಯತ್ಯಾಸದ ಶೇ. 69 ಭಾಗವನ್ನು ಪ್ರಕೃತಿಯ ನಂಟು ವಿವರಿಸಿತು, ಜ್ಞಾನ ವಿವರಿಸಿದ್ದು ಶೇ. 2 ಮಾತ್ರ. ಅಂದರೆ ಮಕ್ಕಳ ನಡವಳಿಕೆಯ ಹೆಚ್ಚುಕಡಿಮೆ ನಂಟಿನ ಜೊತೆ ಬಹಳ ಹೊಂದಿಕೊಂಡಿತ್ತು, ಜ್ಞಾನದ ಜೊತೆ ಅಷ್ಟಿಲ್ಲ. ಕೇಳೋಕೆ ಜೋರಾಗಿದೆ. ಆದರೆ ಇದು ಒಂದೇ ಸಮಯದಲ್ಲಿ ಅಳೆದಿದ್ದು, ನಡವಳಿಕೆಯೂ ಮಕ್ಕಳೇ ಹೇಳಿದ್ದು. ನಂಟಿನಿಂದ ನಡವಳಿಕೆ ಬಂತೋ, ನಡವಳಿಕೆಯಿಂದ ನಂಟು ಬಂತೋ, ಎರಡೂ ಮನೆಯಿಂದ ಬಂತೋ ಅಂತ ಇದರಲ್ಲಿ ಗೊತ್ತಾಗಲ್ಲ.

ಬಾಲ್ಯದ ನೆನಪಿನ ಅಧ್ಯಯನಗಳೂ ಹಾಗೆ. ಲೂಯಿಸ್ ಚಾವ್ಲಾ ಅಮೆರಿಕದ ಕೆಂಟಕಿ ಮತ್ತು ನಾರ್ವೆಯ ಪರಿಸರ ಕಾರ್ಯಕರ್ತರನ್ನು ಮಾತಾಡಿಸಿದಾಗ, ಚಿಕ್ಕಂದಿನಲ್ಲಿ ಹೊರಗೆ ಕಳೆದ ಹೊತ್ತು ಮತ್ತು ಮನೆಯ ಹಿರಿಯರೊಬ್ಬರ ಪ್ರಭಾವ, ಇವೆರಡೂ ಮತ್ತೆ ಮತ್ತೆ ಬಂದವು. ಬಹಳ ಒಳ್ಳೆ ಕೆಲಸ. ಆದರೆ ಅದೇ ತರಹದ ಬಾಲ್ಯ ಕಂಡು ಏನೂ ಆಗದೆ ಉಳಿದವರನ್ನೂ ಕೇಳಬೇಕಲ್ವಾ?

ಹಸಿರೆಲೆ

ಲೆಕ್ಕಪತ್ರ ಸರ್, ಬೇಸರ ಏನಿಲ್ಲ, ಇಂಥ ಮಾತೇ ಬೇಕಿತ್ತು. ಆರನೇ ತರಗತಿಯವರಲ್ಲಿ ಉಳಿಯಲಿಲ್ಲ ಅಂದ್ರಲ್ಲ, ಹಾಗಾದ್ರೆ ದೊಡ್ಡ ಮಕ್ಕಳ ಜೊತೆ ಮಾಡೋದು ವ್ಯರ್ಥ ಅಂತಲಾ?

ಇಬ್ಬರಮ್ಮ

ಇದೇ ನನ್ನ ಪ್ರಶ್ನೆಯೂ. ಚಿಕ್ಕವಳು ಇರುವೆ ಸಾಲು ಕಂಡರೆ ಅಲ್ಲೇ ಕೂತುಬಿಡ್ತಾಳೆ. ದೊಡ್ಡವನಿಗೆ ಹದಿನಾಲ್ಕು. ಎಂಟು ವರ್ಷದವನಿದ್ದಾಗ ಜೇಬು ತುಂಬ ಬೀಜ, ಕಲ್ಲು ತರ್ತಿದ್ದ. ಈಗ ಹೊರಗೆ ಬಾ ಅಂದ್ರೆ ಮುಖ ಸಿಂಡರಿಸ್ತಾನೆ. ನಮ್ಮ ಹತ್ತಿರ ಕಾಡೂ ಇಲ್ಲ, ಬೆಟ್ಟವೂ ಇಲ್ಲ. ಕೆಲಸದಿಂದ ಬರೋದ್ರಲ್ಲೇ ಕತ್ತಲಾಗಿರುತ್ತೆ. ಇಂಥ ಚರ್ಚೆ ಓದಿದಾಗ ನಾನು ಮಕ್ಕಳಿಗೆ ಅನ್ಯಾಯ ಮಾಡ್ತಿದ್ದೀನಾ ಅನ್ನಿಸುತ್ತೆ.

ಹಕ್ಕಿಗಣ್ಣು

ಇಬ್ಬರಮ್ಮ ಅವರೇ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಹದಿಹರೆಯದಲ್ಲಿ ಈ ನಂಟು ಕುಸಿಯೋದು ಸಾಮಾನ್ಯ. ರಿಚರ್ಡ್‌ಸನ್ ತಂಡ 2019ರಲ್ಲಿ ಬ್ರಿಟನ್ನಿನಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಅಳೆದಾಗ, ಹತ್ತು ಹನ್ನೊಂದು ವರ್ಷ ದಾಟಿದ ಮೇಲೆ ಜೋರಾಗಿ ಇಳಿದು, ಹದಿನೈದು ಹದಿನಾರರ ಹೊತ್ತಿಗೆ ತಳ ಮುಟ್ಟಿ, ಆಮೇಲೆ ನಿಧಾನಕ್ಕೆ ಏರೋದು ಕಂಡಿತು. ನಿಮ್ಮ ಮಗ ಇರೋದು ಆ ಇಳಿಜಾರಿನಲ್ಲಿ. ಆ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ನಡೆಯೋದಕ್ಕಿಂತ ಗೆಳೆಯರ ಜೊತೆ ಇರೋದು ಮುಖ್ಯ. ಗೆಳೆಯರ ಜೊತೆ ಸೈಕಲ್, ಈಜು, ಫೋಟೊ ತೆಗೆಯೋದು, ಯಾವುದಾದರೂ ನೆಪದಲ್ಲಿ ಹೊರಗಿರಲಿ. ಹೆಸರು ಕೇಳಿ ಪರೀಕ್ಷೆ ಮಾಡಬೇಡಿ.

ಕಾಡು ಬೇಕೇ ಬೇಕು ಅಂತಿಲ್ಲ. 2011ರಲ್ಲಿ ನಿಸ್ಬೆಟ್ ಮತ್ತು ಝೆಲೆನ್ಸ್ಕಿ ಕೆನಡಾದ ಒಂದು ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ವಿದ್ಯಾರ್ಥಿಗಳಲ್ಲಿ ಅರ್ಧ ಜನ ಹತ್ತಿರದ ಹಸಿರು ದಾರಿಯಲ್ಲಿ ನಡೆದರು. ಉಳಿದವರು ಕಟ್ಟಡಗಳನ್ನು ಜೋಡಿಸುವ ನೆಲದಡಿಯ ಸುರಂಗದಲ್ಲಿ ನಡೆದರು. ಹೊರಗೆ ನಡೆದವರಿಗೆ ಖುಷಿ ಜಾಸ್ತಿ, ಅದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಏನಂದ್ರೆ, ನಡೆಯೋ ಮುಂಚೆ ಎಷ್ಟು ಖುಷಿಯಾಗಬಹುದು ಅಂತ ಊಹಿಸಿ ಅಂದಾಗ ಹಸಿರು ದಾರಿಯ ಖುಷಿಯನ್ನು ಅವರು ಕಡಿಮೆ ಊಹಿಸಿದ್ದರು. ಹೋಗೋಕೆ ಮನಸ್ಸು ಬರಲ್ಲ, ಹೋದ ಮೇಲೆ ಚೆನ್ನಾಗಿರುತ್ತೆ. ನಿಮ್ಮ ಮಗನ ಸಮಸ್ಯೆಯೂ ಇದೇ ಇರಬಹುದು, ನಮ್ಮೆಲ್ಲರದ್ದೂ ಇದೇ.

ಸಮಯದ ಬಗ್ಗೆ ಹೇಳೋದಾದ್ರೆ, 2019ರಲ್ಲಿ ವೈಟ್ ಮತ್ತು ಜೊತೆಗಾರರು ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದರು. ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹಸಿರಿನಲ್ಲಿ ಕಳೆದವರು, ಒಂದಿಷ್ಟೂ ಹೊರಗೆ ಹೋಗದವರಿಗಿಂತ ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಅಂತ ಹೇಳಿದ್ದು ಹೆಚ್ಚು. ಒಂದೇ ಸಲ ಹೋದರೋ, ಬಿಡಿ ಬಿಡಿಯಾಗಿ ಹೋದರೋ, ಅದರಿಂದ ವ್ಯತ್ಯಾಸ ಕಾಣಲಿಲ್ಲ. ಇದು ಕೂಡ ಒಂದೇ ಸಮಯದ ಸಮೀಕ್ಷೆ, ಲೆಕ್ಕಪತ್ರ ಸರ್ ಹೇಳಿದ ಎಚ್ಚರಿಕೆ ಇಲ್ಲೂ ಇರಲಿ.

ಅದೂ ಆಗಲ್ಲ ಅಂದ್ರೆ ಇದನ್ನು ಮಾಡಿ ನೋಡಿ. ರಿಚರ್ಡ್‌ಸನ್ ಮತ್ತು ಶೆಫೀಲ್ಡ್ 2017ರಲ್ಲಿ ಒಂದಷ್ಟು ಜನರಿಗೆ ಐದು ದಿನ ಪ್ರತಿದಿನ ಪ್ರಕೃತಿಯಲ್ಲಿ ಕಂಡ ಮೂರು ಒಳ್ಳೆಯ ಸಂಗತಿ ಬರೆಯೋಕೆ ಹೇಳಿದರು. ಬೇರೇನೋ ಸಾಮಾನ್ಯ ವಿಷಯ ಬರೆದವರಿಗಿಂತ ಇವರ ನಂಟು ಹೆಚ್ಚಾಯಿತು. ಕಿಟಕಿಯಿಂದ ಕಂಡ ಮೋಡ, ಗೋಡೆಯ ಬಿರುಕಿನ ಪಾಚಿ, ಬೀದಿ ದೀಪಕ್ಕೆ ಬಂದ ಪತಂಗ. ರಾತ್ರಿ ಮಲಗೋ ಮುಂಚೆ ಮೂವರೂ ಒಂದೊಂದು ಹೇಳಿದರೆ ಸಾಕು.

ನಿಧಾನನಡಿಗೆ

ನಾನು ಗಾಲಿಕುರ್ಚಿ ಬಳಸುವವಳು. ಇಂಥ ಮಾತುಕತೆಯಲ್ಲಿ ಎಲ್ಲರೂ ನಡೆಯಬಲ್ಲವರು, ಕಣ್ಣು ಕಾಣುವವರು ಅಂತಲೇ ಅಂದುಕೊಂಡಿರ್ತಾರೆ. ಎಷ್ಟೋ ನಿಸರ್ಗ ಶಿಬಿರಗಳಲ್ಲಿ ನನಗೆ ಸಿಕ್ಕ ಉತ್ತರ "ನೀವು ಇಲ್ಲೇ ನೆರಳಲ್ಲಿ ಕೂತಿರಿ, ನಾವು ಬೇಗ ಬರ್ತೀವಿ". ಅದು ನೋವು ಕೊಡುತ್ತೆ. ದಾರಿ ಮಟ್ಟಸ ಇದೆಯಾ, ಶೌಚಾಲಯ ಇದೆಯಾ, ಒಂಟಿ ಹೆಣ್ಣುಮಕ್ಕಳು ಹೋದರೆ ಸುರಕ್ಷಿತವಾ ಅಂತ ಯಾರೂ ಮೊದಲೇ ತಿಳಿಸಲ್ಲ. ನಂಟು ಬೆಳೆಯಲಿಲ್ಲ ಅಂತ ಜನರ ಮನಸ್ಸನ್ನು ಅಳೆಯುವ ಮುಂಚೆ ಬಾಗಿಲು ತೆರೆದಿತ್ತಾ ಅಂತ ಅಳೆಯಬೇಕು.

ಮಕ್ಕಳಲ್ಲಿ ಯಾರಿಗಾದರೂ ದೃಷ್ಟಿ ಇಲ್ಲದಿದ್ದರೆ ಶಬ್ದದ ನಕ್ಷೆ ಮಾಡಿಸಿ. ಒಂದೇ ಜಾಗದಲ್ಲಿ ಕೂತು ಯಾವ ಕಡೆಯಿಂದ ಯಾವ ದನಿ ಬಂತು ಅಂತ ಕೈಯಿಂದ ತೋರಿಸಬೇಕು. ಇದನ್ನು ಎಲ್ಲ ಮಕ್ಕಳಿಗೂ ಮಾಡಿಸಿದರೆ ಯಾರೂ ಬೇರೆ ಅನ್ನಿಸಲ್ಲ.

ಇಪ್ಪತ್ತರವಳು

ನಾನು ಕಾಲೇಜಿನಲ್ಲಿದ್ದೀನಿ. ನಮಗೆ ಪರಿಸರ ಪಾಠ ಅಂದ್ರೆ ಕೇಳಿದ್ದೆಲ್ಲ ನಾಶದ ಕತೆ. ಹಿಮ ಕರಗ್ತಿದೆ, ಜೀವಿಗಳು ಅಳಿದು ಹೋಗ್ತಿವೆ, ಉಸಿರಾಡೋ ಗಾಳಿ ಕೆಟ್ಟಿದೆ. ಎಲ್ಲವೂ ನಿಜ. ಆದ್ರೆ ಅದನ್ನು ಕೇಳಿ ಕೇಳಿ ನನ್ನ ಗೆಳತಿಯರು ಆ ವಿಷಯ ಬಂದ್ರೆ ಫೋನ್ ಪಕ್ಕಕ್ಕೆ ಇಟ್ಟುಬಿಡ್ತಾರೆ. 2021ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಬಳಗದ ಒಂದು ಪತ್ರಿಕೆಯಲ್ಲಿ ಬಂದ ಸಮೀಕ್ಷೆಯಲ್ಲಿ 10 ದೇಶಗಳ 16ರಿಂದ 25 ವರ್ಷದ 10,000 ಜನರನ್ನು ಕೇಳಿದ್ದರು. ಹವಾಮಾನ ಬದಲಾವಣೆ ಬಗ್ಗೆ ತುಂಬಾ ಅಥವಾ ವಿಪರೀತ ಚಿಂತೆ ಇದೆ ಅಂದವರು ಶೇ. 59. ನಮಗೆ ಕಾಳಜಿ ಇಲ್ಲ ಅಂತ ದೊಡ್ಡವರು ಅಂದಾಗ ಸಿಟ್ಟು ಬರುತ್ತೆ. ಇರೋದು ಕಾಳಜಿಯೇ, ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ಯಾರೂ ಕಲಿಸಿಲ್ಲ.

ಹಕ್ಕಿಗಣ್ಣು

ನಿನ್ನ ಮಾತು ನೂರಕ್ಕೆ ನೂರು ಸರಿ ತಂಗಿ. ಸ್ವೀಡನ್ನಿನ ಮಾರಿಯಾ ಓಯಾಲಾ ಯುವಜನರ ಭರವಸೆಯ ಬಗ್ಗೆ 2012ರಲ್ಲಿ ಬರೆದದ್ದು ಇಲ್ಲಿ ಸರಿಹೊಂದುತ್ತೆ. ಎಲ್ಲ ಸರಿಹೋಗುತ್ತೆ ಬಿಡಿ, ಸಮಸ್ಯೆಯೇ ಅಷ್ಟೊಂದಿಲ್ಲ ಅನ್ನೋ ತರಹದ ಭರವಸೆ ಇದ್ದವರು ಕೆಲಸಕ್ಕೆ ಇಳಿಯೋದು ಕಡಿಮೆ. ಸಮಸ್ಯೆ ನಿಜ, ಆದ್ರೆ ನಾನೂ ಬೇರೆಯವರೂ ಏನೋ ಮಾಡಬಹುದು ಅನ್ನೋ ಭರವಸೆ ಇದ್ದವರು ಹೆಚ್ಚು ತೊಡಗಿಕೊಳ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ದುರಂತದ ಪಾಠ ಮಾಡಬಾರದು, ಮೊದಲು ಪ್ರೀತಿಸೋಕೆ ಬಿಡಿ ಅಂತ ಅಮೆರಿಕದ ಡೇವಿಡ್ ಸೊಬೆಲ್ 1990ರ ದಶಕದಿಂದಲೇ ಹೇಳ್ತಾ ಬಂದಿದ್ದಾರೆ. ದೊಡ್ಡವರಿಗೆ ಸತ್ಯವನ್ನೂ ಹೇಳಬೇಕು, ಅದರ ಜೊತೆಗೆ ಕೈಗೆ ಒಂದು ಕೆಲಸವನ್ನೂ ಕೊಡಬೇಕು.

ಮೇಷ್ಟ್ರು

ಕೆಲಸ ಅಂದಾಗ ನೆನಪಾಯ್ತು. ಮಕ್ಕಳಿಗೆ ಕಲಿಸಿದರೆ ಅದು ಮನೆಗೂ ಹೋಗುತ್ತೆ. 2019ರಲ್ಲಿ ಲಾಸನ್ ಮತ್ತು ಜೊತೆಗಾರರು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 10ರಿಂದ 14 ವರ್ಷದ ಮಕ್ಕಳಿಗೆ ಹವಾಮಾನದ ಪಾಠ ಮಾಡಿದರು. ಮನೆಯವರನ್ನು ಸಂದರ್ಶನ ಮಾಡಿ ಬನ್ನಿ ಅನ್ನೋದೂ ಪಾಠದ ಭಾಗ. ಅಪ್ಪ ಅಮ್ಮಂದಿರ ಕಾಳಜಿಯೂ ಹೆಚ್ಚಾಯ್ತು. ಹೆಣ್ಣುಮಕ್ಕಳ ಮಾತು ಜಾಸ್ತಿ ನಾಟಿತು. ಸೇಶೆಲ್ಸ್ ದ್ವೀಪಗಳಲ್ಲಿ ಮಕ್ಕಳಿಗೆ ಜೌಗುಪ್ರದೇಶದ ಪಾಠ ಮಾಡಿದಾಗಲೂ ಮನೆಯವರ ತಿಳುವಳಿಕೆ ಬದಲಾಗಿದ್ದು 2013ರ ಅಧ್ಯಯನದಲ್ಲಿದೆ. ನೋಡಿ, ಇಲ್ಲಿ ತಿಳುವಳಿಕೆ ಕೆಲಸ ಮಾಡಿದೆ!

ಹುಳದಹಿಂದೆ

ಮಾಡಿದೆ ಮೇಷ್ಟ್ರೇ, ಯಾಕಂದ್ರೆ ಅದು ತಮ್ಮದೇ ಊರಿನ ನೀರು, ತಮ್ಮದೇ ಮನೆಯ ಮಾತು. ಆದ್ರೆ ನನಗೆ ಒಂದು ಆತಂಕ ಇದೆ. ದೊಡ್ಡವರು ಮಾಡಬೇಕಾದ ಕೆಲಸವನ್ನು ಮಕ್ಕಳ ತಲೆ ಮೇಲೆ ಹಾಕಬಾರದು. ಮನೆಯವರನ್ನು ತಿದ್ದೋದು ಮಗುವಿನ ಹೋಂವರ್ಕ್ ಆಗಬಾರದು.

ನಂಟಿನ ಬಗ್ಗೆಯೂ ಒಂದು ಮಾತು. ಪ್ರಕೃತಿ ಕಂಡರೆ ಪ್ರಾಣ ಬಿಡುವವರು ಅದನ್ನು ನೋಡೋಕೆ ವರ್ಷಕ್ಕೆ ಹಲವು ಸಲ ವಿಮಾನ ಹತ್ತುತ್ತಾರೆ. ಪ್ರೀತಿ ಇದ್ದ ಮಾತ್ರಕ್ಕೆ ಕೆರೆ ಉಳಿಯಲ್ಲ. ಅರ್ಜಿ ಹೇಗೆ ಬರೆಯೋದು, ನೀರಿನ ಮಾದರಿ ಹೇಗೆ ತೆಗೆಯೋದು, ಸಭೆಯಲ್ಲಿ ಎದ್ದು ನಿಂತು ಹೇಗೆ ಮಾತಾಡೋದು, ಇದೆಲ್ಲ ಕಲಿಯಬೇಕು. ಹಸಿರೆಲೆ ಮೊದಲೇ ಹೇಳಿದ ಟಿಬಿಲಿಸಿ ಪಟ್ಟಿಯ ಕೊನೆಯ ಎರಡು ಇವೇ. ಹಂಗರ್‌ಫೋರ್ಡ್ ಮತ್ತು ವೋಕ್ 1990ರಲ್ಲಿ ಇದನ್ನೇ ಒತ್ತಿ ಹೇಳಿದರು: ಸಮಸ್ಯೆ ನನ್ನದು ಅನ್ನಿಸಬೇಕು, ನನ್ನಿಂದ ಏನೋ ಆಗುತ್ತೆ ಅನ್ನೋ ಧೈರ್ಯ ಬರಬೇಕು.

ಲೆಕ್ಕಪತ್ರ

ಇದಕ್ಕೆ ಆಧಾರವೂ ಇದೆ. ಆರ್ಡೊಯಿನ್, ಬೋವರ್ಸ್ ಮತ್ತು ಗೈಲಾರ್ಡ್ 2020ರಲ್ಲಿ 105 ಅಧ್ಯಯನಗಳನ್ನು ಸೇರಿಸಿ ನೋಡಿದರು. ಸಂರಕ್ಷಣೆಗೆ ನಿಜವಾಗಿ ಉಪಯೋಗ ಆದ ಕಾರ್ಯಕ್ರಮಗಳಲ್ಲಿ ಕಂಡದ್ದು ಇದು: ಹತ್ತಿರದ ಸಮಸ್ಯೆಯನ್ನೇ ಎತ್ತಿಕೊಂಡಿದ್ದರು, ವಿಜ್ಞಾನಿಗಳು ಮತ್ತು ಸ್ಥಳೀಯ ಸಂಘಗಳ ಜೊತೆ ಸೇರಿ ಮಾಡಿದ್ದರು, ಕೈಯಾರೆ ಮಾಡುವ ಕೆಲಸ ಒಳಗೊಂಡಿತ್ತು, ಏನಾಯ್ತು ಅಂತ ಬೇಕೆಂದೇ ಅಳೆದು ಬರೆದಿಟ್ಟಿದ್ದರು. ಕೊನೆಯದನ್ನೇ ಎಲ್ಲರೂ ಬಿಡೋದು.

ಹಸಿರೆಲೆ

ನಮ್ಮ ಗುಂಪಿನ ಮುಂದೆ ಇದನ್ನೆಲ್ಲ ಇಡ್ತೀನಿ. ಸದ್ಯಕ್ಕೆ ನನ್ನ ಯೋಚನೆ ಹೀಗಿದೆ. ಪ್ರತಿ ಸಲ ಹೊಸ ಜಾಗಕ್ಕೆ ಓಡೋದು ಬಿಟ್ಟು ಒಂದೇ ಜಾಗಕ್ಕೆ ವರ್ಷವಿಡೀ ಹೋಗೋದು. ಮೊದಲ ಅರ್ಧ ಗಂಟೆ ಯಾರೂ ಏನೂ ಹೇಳೋದಿಲ್ಲ, ಹೆಸರು ಮಕ್ಕಳು ಕೇಳಿದಾಗ. ನಿಧಾನನಡಿಗೆ ಮೇಡಂ ಹೇಳಿದ ಹಾಗೆ ದಾರಿ, ಶೌಚಾಲಯದ ವಿಷಯ ಮೊದಲೇ ತಿಳಿಸೋದು. ದೊಡ್ಡ ಮಕ್ಕಳ ಗುಂಪಿಗೆ ಹತ್ತಿರದ ಒಂದು ನೀರಿನ ಸಮಸ್ಯೆ ಕೊಡೋದು, ಅದಕ್ಕೆ ಏನು ಮಾಡ್ತಾರೋ ಅವರೇ ಗೊತ್ತು ಮಾಡ್ಕೊಳ್ಳಲಿ. ಅಳೆಯೋದು ಹೇಗೆ ಅನ್ನೋದೇ ಉಳಿದಿದೆ. ಹೋಲಿಸೋಕೆ ನಮ್ಮ ಜೊತೆ ಬರದ ಬೇರೆ ಮಕ್ಕಳೂ ಬೇಕಲ್ವಾ, ಅವರು ನಮಗೆ ಎಲ್ಲಿಂದ ಸಿಗ್ತಾರೆ ಸರ್?

ಲೆಕ್ಕಪತ್ರ

ನಿಮ್ಮಲ್ಲೇ ಇದ್ದಾರೆ. ಜಾಗ ಸಾಲದೆ ಮುಂದಿನ ಸಲಕ್ಕೆ ಕಾಯ್ತಿರೋ ಮಕ್ಕಳ ಪಟ್ಟಿ ಇರುತ್ತಲ್ಲ, ಅವರಿಗೂ ಅದೇ ದಿನ ಅದೇ ಪ್ರಶ್ನೆ ಕೇಳಿ. ಅವರೂ ಆಸೆಪಟ್ಟು ಹೆಸರು ಕೊಟ್ಟವರೇ, ಹಾಗಾಗಿ ಹೋಲಿಕೆ ಸರಿ ಇರುತ್ತೆ. ಯಾರು ಮೊದಲು ಬರಬೇಕು ಅಂತ ಚೀಟಿ ಎತ್ತಿ ಆರಿಸಿದರೆ ಇನ್ನೂ ಒಳ್ಳೆಯದು. ಮೂರು ಸಲ ಕೇಳಿ: ಶುರುವಿಗೆ ಮುಂಚೆ, ಮುಗಿದಾಗ, ಮೂರು ತಿಂಗಳು ಬಿಟ್ಟು. ಕೇಳುವವರು ನಡೆಸಿದವರಾಗಿರಬಾರದು. ಹೆಸರಿನ ಬದಲು ಮಕ್ಕಳಿಗೊಂದು ಗುರುತಿನ ಸಂಖ್ಯೆ ಕೊಡಿ. ಎರಡು ವೃತ್ತದ ಚಿತ್ರ ಚಿಕ್ಕವರಿಗೂ ಅರ್ಥ ಆಗುತ್ತೆ, ಅದರಿಂದ ಶುರು ಮಾಡಿ. ಅದರ ಜೊತೆಗೆ ಒಂದು ಬಿಳಿ ಹಾಳೆ ಕೊಟ್ಟು, ಈ ವಾರ ಹೊರಗೆ ಏನು ನೋಡಿದೆ ಅಂತ ಬರೆಯೋಕೋ ಚಿತ್ರ ಬಿಡಿಸೋಕೋ ಹೇಳಿ. ಹಾಳೆಗಳು ಬಂದ ಮೇಲೆ ನನಗೆ ತಿಳಿಸಿ, ಎಣಿಸೋಕೆ ನಾನೂ ಕೂತ್ಕೋತೀನಿ.